ಗೂಟದ ಮೇಲೆ ಕೂತು ನೋಡಿದ ಹಡಗು

ಸಮುದ್ರವನ್ನು ನಾನು ಕಣ್ಣಾರೆ ನೋಡಿರುವುದು ಒಂದೇ ಸಲ. ತಿರುಪತಿಗೆ ಹೋದವರು ಹಾಗೇ ಮದ್ರಾಸಿಗೂ ಇಳಿದು, ಕಾಲು ನೆನೆಸಿಕೊಂಡು, ಬಜ್ಜಿ ತಿಂದು ವಾಪಸ್ ಬಂದಿದ್ದೆವು. ಅಂಥವನು ನಾನು ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಚಿನ್ನದ ಗಣಿಯ ಪುಡಿಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದ ಮಗ್ಗುಲಲ್ಲಿ, ಹಡಗು ಕಟ್ಟಿದೆ ಅಂದರೆ ನಮ್ಮ ಬೀಗರೇ ನಂಬುವುದಿಲ್ಲ. ಕಟ್ಟಿದ್ದೇನೆ ಸ್ವಾಮಿ. ಪಟದ ಕಂಬ ಇತ್ತು, ಪಟ ಇತ್ತು, ರಾಟೆ ಇತ್ತು, ಏಣಿ ಇತ್ತು. ನೀರೊಂದು ಬಿಟ್ಟು ಎಲ್ಲ ಇತ್ತು.

ನನ್ನದು ಬಂಗಾರಪೇಟೆಯಲ್ಲಿ ಶಾಮಿಯಾನಾ ಅಂಗಡಿ. ಮದುವೆ, ನಾಮಕರಣ, ತಿಥಿ, ಎಲೆಕ್ಷನ್ ಸಭೆ, ಯಾವುದಕ್ಕಾದರೂ ಚಪ್ಪರ ಹಾಕುತ್ತೇವೆ. ಒಂದು ಬೆಳಿಗ್ಗೆ ಅಂಗಡಿಗೆ ಕೋರಮಂಡಲ್ ಕಡೆಯ ಒಂದು ಕಾಲೇಜಿನ ಹಿಸ್ಟರಿ ಮೇಡಂ ಬಂದರು. ಸಣ್ಣ ಆಳು, ಸೀರೆಯ ಸೆರಗು ಸಿಕ್ಕಿಸಿಕೊಂಡು ನಿಲ್ಲುವ ಗಟ್ಟಿಗಿತ್ತಿ. ಕುರ್ಚಿಯಲ್ಲಿ ಕೂರುವ ಮೊದಲೇ, "ಯಜಮಾನ್ರೇ, ಕಾಲೇಜ್ ಡೇಗೆ ಒಂದು ಹಡಗು ಕಟ್ಟಿಕೊಡಬೇಕಲ್ಲ" ಅಂದರು.

"ಮೇಡಂ, ನಾವು ಮದ್ವೆ ಚಪ್ಪರ ಆಕೋರು. ಅಡಗು ಎಲ್ಲಿಂದ ಕಟ್ಟೋದು? ಯಾವ ರಾಜಂದು?"

"ರಾಜಂದಲ್ಲ. ಹಗ್ಗ ಎಳೆದವರದ್ದು."

ಆಮೇಲೆ ಟೀ ತರಿಸಿದೆ. ಅವರು ಹೇಳುತ್ತಾ ಹೋದರು. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾದ ಜನರನ್ನು ಹಡಗಿನ ತಳದಲ್ಲಿ ಸಂಕೋಲೆ ಹಾಕಿ ಒಯ್ದದ್ದನ್ನು ಎಲ್ಲೋ ಕೇಳಿದ್ದೆ. ಆದರೆ ಅದೇ ಜನ, ಅವರ ಮಕ್ಕಳು ಮೊಮ್ಮಕ್ಕಳು ಅದೇ ಸಮುದ್ರದಲ್ಲಿ ನಾವಿಕರೂ ಆಗಿದ್ದರು ಅನ್ನುವುದು ಗೊತ್ತಿರಲಿಲ್ಲ. ಕೆಲವರು ಗುಲಾಮರಾಗಿಯೇ ಹಗ್ಗ ಎಳೆದರು. ಕೆಲವರು ಸ್ವತಂತ್ರರಾಗಿ ಸಂಬಳಕ್ಕೆ ದುಡಿದರೂ, ಪರ ಊರಿನ ಬಂದರಿನಲ್ಲಿ ಇಳಿದರೆ ಯಾರಾದರೂ ಹಿಡಿದು ಮಾರಿಬಿಡುತ್ತಾರೆಂಬ ಭಯದಲ್ಲೇ ಬದುಕಿದರು. ಒಂದು ಬಂದರಿನ ಸುದ್ದಿಯನ್ನು ಇನ್ನೊಂದು ಬಂದರಿನ ತಮ್ಮವರಿಗೆ ಗುಟ್ಟಾಗಿ ಮುಟ್ಟಿಸಿದವರೂ ಅವರೇ. ನಮ್ಮ ಪಶ್ಚಿಮ ಕರಾವಳಿಯ ಹಡಗುಗಳಲ್ಲೂ ಆಫ್ರಿಕಾದ ಕಡೆಯವರು ಇದ್ದರಂತೆ.

ಕಾಲೇಜ್ ಡೇಗೆ ಅವರು ಆಡಿಸಲಿದ್ದ ನಾಟಕ ಇಂಥವರಲ್ಲಿ ಒಬ್ಬನ ಮೇಲೆ. ಅವನು ಪೈಲಟ್. ಬಂದರಿನ ಬಾಯಲ್ಲಿ ಬಂಡೆ ಎಲ್ಲಿದೆ, ಮರಳು ಎಲ್ಲಿದೆ ಎಂದು ತಿಳಿದು ದೊಡ್ಡ ಹಡಗನ್ನು ಒಳಗೆ ತರುವವನಿಗೆ ಹಾಗನ್ನುತ್ತಾರೆ. ಎಷ್ಟೋ ಬಂದರುಗಳಲ್ಲಿ ಆ ಕೆಲಸದವರು ಗುಲಾಮರೇ ಆಗಿದ್ದರಂತೆ. ಹಡಗು ಬಂಡೆಗಳ ನಡುವೆ ಇರುವಷ್ಟು ಹೊತ್ತು ಕ್ಯಾಪ್ಟನ್ ಕೂಡ ಅವನು ಹೇಳಿದ ಹಾಗೆ ಕೇಳಬೇಕು.

"ಆಮೇಲೆ?" ಅಂದೆ.

"ಲಂಗರು ಬಿದ್ದ ಮೇಲೆ ಅವನ ಮಾತು ಯಾರೂ ಕೇಳ್ತಿರಲಿಲ್ಲ. ಮತ್ತೆ ಗುಲಾಮನೇ."

ಮೇಡಂಗೆ ತಮ್ಮದೇ ಒಂದು ಕಷ್ಟವೂ ಇತ್ತು. ಹಿಸ್ಟರಿ ತಗೊಳ್ಳುವ ಮಕ್ಕಳು ವರ್ಷ ವರ್ಷ ಕಮ್ಮಿಯಾಗುತ್ತಿದ್ದರು. ಈ ಸಲವೂ ಸೇರದಿದ್ದರೆ ವಿಭಾಗವನ್ನೇ ಮುಚ್ಚುತ್ತಾರೆಂದು ಆಗಲೇ ಮಾತಾಗಿತ್ತು. "ನನ್ನನ್ನ ಬೇರೆ ಊರಿಗೆ ಹಾಕ್ತಾರೆ, ಹೋಗ್ತೀನಿ. ಆದ್ರೆ ಈ ಕಡೆ ಹಳ್ಳಿ ಮಕ್ಕಳಿಗೆ ಹಿಸ್ಟರಿ ಓದೋಕೆ ಜಾಗ ಇರಲ್ಲ. ಕಾಲೇಜ್ ಡೇಗೆ ಸುತ್ತಮುತ್ತಲಿನ ಪಿಯುಸಿ ಮಕ್ಕಳನ್ನೆಲ್ಲ ಕರೆದಿದ್ದೀವಿ. ಅವರ ಕಣ್ಣಿಗೆ ಹಡಗು ಬೀಳಬೇಕು." ಅಷ್ಟು ಹೇಳಿ ಟೀ ಕುಡಿದರು. ನಾನು ಆಗಲಿ ಅಂದೆ. ಹ್ಞೂಂ ಅನ್ನುವುದು ನನಗೆ ಬೇಗ ಬರುತ್ತದೆ, ಹೇಗೆ ಅನ್ನುವುದು ಆಮೇಲೆ.

ನನ್ನ ಆಳುಗಳಿಗೆಲ್ಲ ಒಬ್ಬ ಮೇಸ್ತ್ರಿ ಇದ್ದಾನೆ, ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನವನು, ಮನೆಮಾತು ತಮಿಳು. ಹಡಗಿನ ಚಿತ್ರ ತೋರಿಸಿದರೆ ತಲೆ ಕೆರೆದುಕೊಂಡು, "ಓನರ್, ಇದು ಚಪ್ಪರಾನೇ ನಿಲ್ಸಿದಂಗೆ. ಮಲಗಿರೋದು ಎದ್ದವ್ನೆ ಅಷ್ಟೇ" ಅಂದ. ಆ ಮಾತು ನನಗೆ ಧೈರ್ಯ ಕೊಟ್ಟಿತು. ನೆಲ ಮಾತ್ರ ಧೈರ್ಯ ಕೊಡಲಿಲ್ಲ. ಕೆಜಿಎಫ್ ನೆಲ, ಗಡಾರಿ ಹಾಕಿದರೆ ಠಣ್ ಅನ್ನುತ್ತದೆ. ಕಂಬದ ಗುಂಡಿ ತೋಡುವಷ್ಟರಲ್ಲಿ ಆಳುಗಳು ಚಿನ್ನ ತೆಗೆದವರನ್ನು ನೆನೆದು ಕೈಮುಗಿದರು.

ಉದ್ದನೆಯ ಸರ್ವೆ ಮರ ತಂದೆವು. ಅದರ ಮೇಲ್ಗಡೆ ಅಡ್ಡ ಬಿದಿರು, ಬಿದಿರಿಗೆ ಪಟ. ಕಂಬದ ಅರ್ಧದಲ್ಲಿ ಪೈಲಟ್ ನಿಲ್ಲಲು ಒಂದು ಅಟ್ಟ. ನಾಲ್ಕೂ ಕಡೆಗೆ ಬಿಗಿಹಗ್ಗ ಎಳೆದು ಗೂಟ ಹೊಡೆದೆವು. ಪಟಕ್ಕೆ ನಾನು ಮೊದಲು ಹಾಕಿದ್ದು ನಮ್ಮ ಅಂಗಡಿಯ ಅತಿ ಒಳ್ಳೆಯ ಬಟ್ಟೆ, ಕೆಂಪು ಹಳದಿ ಪಟ್ಟೆ, ಸುತ್ತ ಜಾಲರಿ. ಮೇಡಂ ನೋಡಿ ಕೂತುಬಿಟ್ಟರು. "ಯಜಮಾನ್ರೇ, ಗುಲಾಮರ ಹಡಗಾ, ಬೀಗರೂಟದ ಹಡಗಾ?" ಅಂದರು. ತೆಗೆದು ಬಿಳಿ ಸೈಡ್ ಪರದೆಗಳನ್ನು ಹೊಲಿಸಿ ಕಟ್ಟಿದೆವು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಕಂಬ ಎತ್ತುವಾಗ ಒಬ್ಬ ಕೂಗುತ್ತಾನೆ, ಉಳಿದವರು ಐಸಾ ಎಂದು ಎಳೆಯುತ್ತಾರೆ. ಕೂಗುವವನು ಹಗ್ಗ ಮುಟ್ಟಬಾರದು, ಅವನ ಕಣ್ಣು ಕಂಬದ ತುದಿಯ ಮೇಲಿರಬೇಕು. ಅಷ್ಟು ಹೊತ್ತು ಅವನ ಮಾತೇ ಮಾತು, ಓನರ್ ಕೂಡ ಬಾಯಿ ಮುಚ್ಚಿಕೊಂಡಿರಬೇಕು. ಎತ್ತಿಸಿದವನೇ ಇಳಿಸಬೇಕು ಅನ್ನುವುದೂ ಇದೆ. ಬೇರೆಯವರು ಕೂಗಿ ಇಳಿಸಿದರೆ ಕಂಬ ಮುನಿಯುತ್ತದೆಂದು ನಮ್ಮ ಆಳುಗಳ ನಂಬಿಕೆ. ಮೇಸ್ತ್ರಿ ಕೂಗಿದರೆ ಕೇಳಲು ಚೆಂದ.

"ಪಾಯಸ ಐತೆ!"

"ಐಸಾ!"

"ಓನರ್ ನೋಡ್ತಾವ್ನೆ!"

"ಐಸಾ!"

"ಬೀಡಿ ಬಚ್ಚಿಡು!"

"ಐಸಾ!"

ಮೇಡಂ ಇದನ್ನು ಕೇಳಿ ಕುಣಿದಾಡಿಬಿಟ್ಟರು. ಆ ನಾವಿಕರಲ್ಲೂ ಹೀಗೇ ಒಬ್ಬ ಹಾಡಿ ಹೇಳುವವನು, ಉಳಿದವರು ದನಿಗೂಡಿಸಿ ಎಳೆಯುವವರು ಇದ್ದರಂತೆ. ದೊರೆಗಳ ಮೇಲಿನ ಸಿಟ್ಟನ್ನೂ ಅದೇ ಹಾಡಿನಲ್ಲಿ ಸೇರಿಸಿ ಹಾಡಿಬಿಡುತ್ತಿದ್ದರಂತೆ. "ನಮ್ಮೋರೂ ಅದೇ ಮಾಡೋದು, ಬೈಯೋದೆಲ್ಲ ನನ್ನೇ" ಅಂದೆ.

ಪೈಲಟ್ ಪಾತ್ರ ಮಾಡಿದವಳು ಕೊನೆಯ ವರ್ಷದ ಬಿ.ಎ. ಹುಡುಗಿ. ಬಂಗಾರಪೇಟೆ ಆಚೆಯ ಹಳ್ಳಿಯವಳು. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಮಾರಿಕುಪ್ಪಂ ರೈಲು ಹಿಡಿದು ಬರುತ್ತಿದ್ದಳು. ಗಂಟಲು ಅಂದರೆ ಗಂಟಲು. ಕೆರೆ ಆಚೆ ಮೇಯುವ ಹಸುವನ್ನು ಈಚೆಯಿಂದ ಕರೆಯುವ ಗಂಟಲು. ನನ್ನನ್ನು ಮೊದಲ ದಿನವೇ ಮಾಮ ಮಾಡಿಕೊಂಡಳು. ನಾಟಕದ ಕೊನೆಯ ದೃಶ್ಯಕ್ಕೆ ಮಾತ್ರ ಅವಳದು ತಕರಾರು. ಲಂಗರು ಬಿದ್ದ ಮೇಲೆ ಕ್ಯಾಪ್ಟನ್, "ಇಳಿ ಕೆಳಗೆ, ನಿನ್ನ ಕೆಲಸ ಮುಗೀತು" ಅನ್ನಬೇಕು. ಅವಳು ಇಳಿದು ಬಂದು ಎರಡೂ ಕೈ ಮುಂದೆ ಹಿಡಿಯಬೇಕು, ಕಟ್ಟಿಸಿಕೊಳ್ಳಲು.

"ಇಷ್ಟು ದೂರ ಕರ್ಕೊಂಡ್ ಬಂದೋನ್ನ ಕಟ್ಟಾಕ್ತಾರಾ? ನಾನು ಇಳಿಯಲ್ಲ ಮೇಡಂ. ಕತೆ ಬದ್ಲಾಯ್ಸಿ."

"ಬದಲಾಯಿಸಿದ್ರೆ ಅವನಿಗೆ ಹಾಗೆ ಆಗಲೇ ಇಲ್ಲ ಅಂದ ಹಾಗಾಗುತ್ತಮ್ಮ. ಅದು ಇನ್ನೊಂದು ಅನ್ಯಾಯ" ಅಂದರು ಮೇಡಂ.

ಹುಡುಗಿ ಮುಖ ಊದಿಸಿಕೊಂಡಳು. ನನಗೂ ಅವಳ ಮಾತೇ ಸರಿ ಅನ್ನಿಸಿತ್ತು, ಆದರೆ ಮೇಡಂ ಎದುರು ಬಾಯಿ ಬಿಡಲಿಲ್ಲ.

ರಿಹರ್ಸಲ್ ದಿನ ಪ್ರಿನ್ಸಿಪಾಲರು ಬಂದು ಮುಂದುಗಡೆ ಕುರ್ಚಿ ಹಾಕಿಸಿಕೊಂಡು, ಕಾಫಿ ಲೋಟ ಹಿಡಿದು ಕೂತರು. ಕ್ಯಾಪ್ಟನ್ ಪಾತ್ರದ ಹುಡುಗ ರೋಷದಿಂದ, "ಹಗ್ಗ ಎಳೆಯಿರಿ!" ಎಂದು ಅಬ್ಬರಿಸಿ, ಹತ್ತಿರ ಇಳಿಬಿದ್ದಿದ್ದ ಹಗ್ಗದ ತುದಿಯನ್ನು ತಾನೇ ಜಗ್ಗಿದ. ಕೆಲಸ ಕೆಟ್ಟಿತು ಅಂದುಕೊಂಡೆ. ಯಾಕೆಂದರೆ ನಾವು ಶಾಮಿಯಾನಾದವರು ಜನ್ಮದಲ್ಲಿ ಗಟ್ಟಿ ಗಂಟು ಹಾಕಿದವರಲ್ಲ. ಒಂದು ಮದುವೆ ಮುಗಿದ ತಕ್ಷಣ ಬಿಚ್ಚಿ ಇನ್ನೊಂದು ಮುಹೂರ್ತಕ್ಕೆ ಓಡಬೇಕು. ಅದಕ್ಕೆ ಎಲ್ಲಾ ಜಾರುಗಂಟು, ತುದಿ ಜಗ್ಗಿದರೆ ಸರಕ್ಕನೆ ಬಿಚ್ಚುವಂಥದ್ದು. ಹಡಗಿಗೂ ಕೈ ತನ್ನ ರೂಢಿಯಂತೆ ಅದನ್ನೇ ಹಾಕಿತ್ತು. ಪಟ ಪೂರ್ತಿ ಬಂದು ಪ್ರಿನ್ಸಿಪಾಲರ ಮೇಲೆ ಬಿತ್ತು. ಬಟ್ಟೆಯೊಳಗಿಂದ ಕಾಫಿ ಲೋಟ ಉರುಳಿಕೊಂಡು ಹೊರಗೆ ಬಂತು, ಅವರು ಇನ್ನೂ ಬಂದಿರಲಿಲ್ಲ.

ಪೆಟ್ಟಾಗಿರಲಿಲ್ಲ, ದೇವರು ದೊಡ್ಡವನು. ಆದರೆ ಹೊರಗೆ ಬಂದ ಪ್ರಿನ್ಸಿಪಾಲರು ಕೂದಲು ಸರಿಮಾಡಿಕೊಂಡು, "ಹಡಗು ಬೇಡ. ಫ್ಲೆಕ್ಸ್ ಮೇಲೆ ಚಿತ್ರ ಹಾಕಿಸಿ, ಸಾಕು" ಅಂದು ನಡೆದುಬಿಟ್ಟರು. ಮೇಡಂ ಬಿದ್ದ ಬಟ್ಟೆಯನ್ನು ಮಡಿಸಲು ಶುರುಮಾಡಿದರು. ಅವರು ಬೈದಿದ್ದರೆ ನನಗೆ ವಾಸಿಯಿತ್ತು.

ಮೇಸ್ತ್ರಿ ಕಿವಿಯಲ್ಲಿ, "ಒಳ್ಳೇದೇ ಆಯ್ತು ಓನರ್, ಪೇಟೆ ಮದ್ವೆಗೆ ಈ ಕಂಬ ಬೇಕಲ್ಲ, ಬಿಚ್ಚಿಬಿಡಾಣ" ಅಂದ. ಅವನು ಹೇಳಿದ್ದೂ ನ್ಯಾಯವೇ. ಆದರೆ ಫ್ಲೆಕ್ಸ್ ನೋಡಲು ಯಾವ ಮಕ್ಕಳು ಬರುತ್ತಾರೆ? ರಸ್ತೆ ತುಂಬಾ ಅದೇ ಇದೆ. ನಾನು ಹಾಕಿದ ಗಂಟಿನಿಂದ ಮೇಡಂ ವಿಭಾಗಕ್ಕೆ ಬೀಗ ಬೀಳುವುದು ನನಗೆ ಸಹಿಸಲಾಗಲಿಲ್ಲ. "ಕಂಬ ಇಳ್ಸಿ, ಗಂಟೆಲ್ಲ ಬದ್ಲಾಯ್ಸಿ ಮತ್ತೆ ಎತ್ತಾಣ ಕಣ್ಲಾ. ಮದ್ವೆಗೆ ಬೇರೆ ಕಂಬ ನೋಡ್ತೀನಿ" ಅಂದೆ.

ಮೇಡಂ ಹತ್ತಿರವಿದ್ದ ಹಡಗಿನ ಚಿತ್ರಗಳನ್ನು ಮತ್ತೆ ತೆಗೆಸಿ ನೋಡಿದೆ. ಅಲ್ಲಿ ಪಟದ ಕೆಳಮೂಲೆಯ ಹಗ್ಗಗಳಿಗೆ ಗಂಟೇ ಇರಲಿಲ್ಲ. ಹಡಗಿನ ಅಂಚಿನ ಮರದ ಮೊಳೆಗೆ ಎಂಟರ ಆಕಾರದಲ್ಲಿ ಸುತ್ತಿದ್ದರು, ಅಷ್ಟೇ. ಸುತ್ತು ಬಿಗಿಯಾಗಿ ಹಿಡಿಯುತ್ತದೆ, ಬೇಕಾದಾಗ ಬೇಕಾದಷ್ಟೇ ಬಿಡುತ್ತದೆ. ಮನೆಯಲ್ಲಿದ್ದ ಹಳೇ ಒನಕೆಯನ್ನು ತುಂಡು ಮಾಡಿಸಿ ಅಂಥ ಮೊಳೆ ಮಾಡಿದೆ. ಹೆಂಡತಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಬಿಗಿಹಗ್ಗಗಳಿಗೆಲ್ಲ ಕಗ್ಗಂಟು ಹಾಕಿಸಿದೆ. ಆಳುಗಳಿಗೆ ಕಗ್ಗಂಟು ಹಾಕಲು ಕೈ ಬಾರದೆ, ಹಾಕಿದ್ದನ್ನು ಜಗ್ಗಿ ಜಗ್ಗಿ ನೋಡಿ ತಾವೇ ಆಶ್ಚರ್ಯಪಟ್ಟರು.

ಈ ಸಲ ಕಂಬ ಎತ್ತುವಾಗ ಮೇಡಂ ಒಂದು ಮಾತು ಕೇಳಿದರು: ಪೈಲಟ್ ಆಗುವವಳೇ ಕೂಗಿ ಎತ್ತಿಸಲಿ, ಅವಳಿಗೆ ಆ ಗತ್ತು ಮೈಗೆ ಹತ್ತಲಿ. ಮೇಸ್ತ್ರಿ ಒಂದು ಗಳಿಗೆ ಯೋಚಿಸಿ, "ಬಾಮ್ಮಾ, ನಿಲ್ಲು ಇಲ್ಲಿ, ತುದಿ ಮೇಲೆ ಕಣ್ಣಿಡು" ಎಂದು ತನ್ನ ಜಾಗ ಬಿಟ್ಟುಕೊಟ್ಟ. ಹುಡುಗಿ ಬಾಯಿ ತೆಗೆದಳು.

"ಮಾಮಂಗೆ ಒಟ್ಟೆ!"

"ಐಸಾ!"

"ಕಂಬಕ್ಕಿಂತ ಗಟ್ಟಿ!"

"ಐಸಾ!"

ಆಳುಗಳು ನಕ್ಕು ನಕ್ಕು ಎಳೆದರು. ಕಂಬ ನೆಟ್ಟಗೆ ನಿಂತಿತು. ನಾನು ನಡುವೆ, "ಎಡಕ್ಕೆ ಎಡಕ್ಕೆ" ಎಂದು ಬಾಯಿ ಹಾಕಿದ್ದಕ್ಕೆ ಮೇಸ್ತ್ರಿ ಕಣ್ಣು ಬಿಟ್ಟ.

ಪ್ರಿನ್ಸಿಪಾಲರನ್ನು ಮತ್ತೆ ಕರೆದುಕೊಂಡು ಬಂದೆ. ಅವರು ದೂರವೇ ನಿಂತರು. ಕಂಬದ ಕೆಳಗೆ ಕುರ್ಚಿ ಹಾಕಿಕೊಂಡು ನಾನೇ ಕೂತೆ. "ಬಿದ್ರೆ ನನ್ ತಲೆ ಮೇಲೇ ಬೀಳ್ಲಿ ಸಾರ್" ಅಂದೆ.

"ನಿಮ್ಮ ಮನೆಯವರನ್ನೂ ಕೂರಿಸ್ತೀರಾ?"

"ಅವಳು ಕೂರಲ್ಲ ಸಾರ್. ಒನಕೆ ಮುರ್ದಿದ್ದಕ್ಕೆ ಮಾತೇ ಬಿಟ್ಟವ್ಳೆ."

ಪ್ರಿನ್ಸಿಪಾಲರಿಗೂ ನಗು ತಡೆಯಲಾಗಲಿಲ್ಲ. ಆಳುಗಳು ಹಗ್ಗಕ್ಕೆ ಜೋತುಬಿದ್ದು ತೋರಿಸಿದರು. ಅವರು ಒಂದೊಂದು ಗೂಟವನ್ನೂ ಕಾಲಿಂದ ಒದ್ದು ನೋಡಿ, ಆಗಲಿ ಅಂದರು.

ಕಾಲೇಜ್ ಡೇ ಮಧ್ಯಾಹ್ನ ಮೈದಾನ ತುಂಬಿತು. ಪಿಯುಸಿ ಮಕ್ಕಳು ಹಡಗು ನೋಡಿ ಫೋನ್ ತೆಗೆದದ್ದೇ ತೆಗೆದದ್ದು. ನನ್ನ ಆಳುಗಳೇ ನಾವಿಕರ ಅಂಗಿ ಹಾಕಿಕೊಂಡು ಮರದ ಮೊಳೆಗಳ ಹತ್ತಿರ ನಿಂತಿದ್ದರು. ನಾನು ಹಡಗಿನ ಹಿಂದೆ, ಯಾರಿಗೂ ಕಾಣದ ಕಡೆ ನಿಂತಿದ್ದೆ. ನಾಟಕ ಚೆನ್ನಾಗಿ ನಡೆಯಿತು. ಅಟ್ಟದ ಮೇಲೆ ಹುಡುಗಿ ನಿಂತು ಹಡಗನ್ನು ಬಂಡೆಗಳ ನಡುವೆ ತರುತ್ತಿದ್ದಳು. ಕ್ಯಾಪ್ಟನ್ ಕೆಳಗೆ ನಿಂತು ತಲೆ ಎತ್ತಿ ಅವಳ ಮಾತಿಗೆ ಕಾಯುತ್ತಿದ್ದ.

ಅದೇ ಹೊತ್ತಿಗೆ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಬಿಳಿ ಪುಡಿ ಎತ್ತಿಕೊಂಡು ನೇರ ನಮ್ಮ ಬೆನ್ನಿಗೆ ಬಂತು. ಪಟ ಗುಬ್ಬೆಂದು ಊದಿಕೊಂಡಿತು, ನಿಜವಾದ ಹಡಗಿನ ಹಾಗೇ. ಜನ ಓಹೋ ಅಂದರು. ನನಗೆ ಮಾತ್ರ ಕಂಬ ಮುಂದಕ್ಕೆ ಬಾಗುವುದು ಕಾಣಿಸಿತು, ಗಟ್ಟಿ ನೆಲಕ್ಕೆ ಆಳವಾಗಿ ಇಳಿಯದಿದ್ದ ಹಿಂಬದಿಯ ಬಿಗಿಹಗ್ಗದ ಗೂಟ ಮೆಲ್ಲಗೆ ಏಳುವುದು ಕಾಣಿಸಿತು. ಗಂಟು ಹಿಡಿದಿತ್ತು, ನೆಲ ಬಿಡುತ್ತಿತ್ತು! "ಬಿಡ್ರೋ! ಅಗ್ಗ ಎಲ್ಲಾ ಬಿಟ್ಬಿಡ್ರೋ!" ಎಂದು ಕಿರುಚಿದೆ.

ಒಬ್ಬನೂ ಬಿಡಲಿಲ್ಲ. ಎಲ್ಲರೂ ಮೇಲೆ ನೋಡುತ್ತಿದ್ದರು. ಕಂಬ ಎತ್ತಿಸಿದವಳು ಅಟ್ಟದ ಮೇಲಿದ್ದಳು, ಅವಳು ಹೇಳದೆ ಅವರು ಹೇಗೆ ಬಿಟ್ಟಾರು? ಬಿಟ್ಟಿದ್ದರೆ ಅಡ್ಡಬಿದಿರು ತಿರುಗಿಕೊಂಡು ಕೆಳಗಿದ್ದ ಮಕ್ಕಳ ತಲೆಗೆ ಬಡಿಯುತ್ತಿತ್ತು. ನನಗೆ ಅದು ಹೊಳೆದಿರಲಿಲ್ಲ. ಮೇಲಿದ್ದ ಅವಳಿಗೆ ಕಂಡಿತ್ತು.

"ಎಡಗಡೆ ಮಾತ್ರ ಸಡ್ಲಿಸಿ!"

"ಐಸಾ!"

"ಬಲಗಡೆ ಬಿಗಿ ಇಡೀರಿ!"

"ಐಸಾ!"

ಎಡಗಡೆಯವರು ಮೊಳೆಯ ಸುತ್ತು ಒಂದೊಂದೇ ಬಿಟ್ಟರು. ಪಟದ ಎಡಮೂಲೆ ಹಾರಿ, ಗಾಳಿ ಪಕ್ಕಕ್ಕೆ ಸೋರಿಹೋಯಿತು. ಕಂಬ ಹಿಂದಕ್ಕೆ ಬಂತು. ಅವಳು ಅಟ್ಟದ ಮೇಲಿಂದಲೇ ಹಿಂದಕ್ಕೆ ತಿರುಗಿದಳು. "ಮಾಮಾ! ಆ ಗೂಟದ ಮೇಲೆ ಕೂತ್ಕೊಳ್ಳಿ!"

ಓಡಿಹೋಗಿ ಕೂತೆ. ಜೀವನದಲ್ಲಿ ಮೊದಲ ಸಲ ನನ್ನ ಹೊಟ್ಟೆ ಒಂದು ಕೆಲಸಕ್ಕೆ ಬಂತು. ಗೂಟ ಕೆಳಗೆ ಕೂತಿತು, ಅದರ ಮೇಲೆ ನಾನು ಕೂತೆ. ಮೈದಾನದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎಲ್ಲವನ್ನೂ ನಾಟಕವೆಂದೇ ತಿಳಿದಿದ್ದರು.

ಗಾಳಿ ಇಳಿಯಿತು, ಲಂಗರು ಬಿತ್ತು. ಈಗ ಕ್ಯಾಪ್ಟನ್ "ಇಳಿ ಕೆಳಗೆ" ಅನ್ನಬೇಕು. ಹುಡುಗ ತಲೆ ಎತ್ತಿ ಅವಳನ್ನು ನೋಡಿದ. ಬಾಯಿ ತೆಗೆದ, ಮುಚ್ಚಿದ. ತನ್ನ ತಲೆಯನ್ನು ಈಗಷ್ಟೇ ಉಳಿಸಿದವಳಿಗೆ ಆ ಮಾತು ಹೇಳಲು ಅವನಿಗೆ ಆಗಲಿಲ್ಲ. ಪರದೆ ಪಕ್ಕದಿಂದ ಮೇಡಂ ಎರಡು ಸಲ ಮೆಲ್ಲಗೆ ಹೇಳಿಕೊಟ್ಟರು. ದಿನಾ ಆಳುಗಳ ಮೇಲೆ "ಇಳೀಲಾ ಕೆಳಗೆ" ಎಂದು ಕೂಗುವ ನಾನು ಗೂಟದ ಮೇಲೆ ತಲೆ ತಗ್ಗಿಸಿದೆ.

ಆಗ ಅವಳೇ ಇಳಿಯತೊಡಗಿದಳು. ಯಾರೂ ಹೇಳದೆ, ನಿಧಾನವಾಗಿ, ಏಣಿಯ ಒಂದೊಂದೇ ಮೆಟ್ಟಿಲು. ಇಳಿಯಲ್ಲ ಎಂದು ಹಟ ಹಿಡಿದಿದ್ದ ಹುಡುಗಿ. ಕ್ಯಾಪ್ಟನ್ ಮುಂದೆ ಬಂದು ಎರಡೂ ಕೈ ನೀಡಿ ನಿಂತಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಎಂದೋ, ಎಲ್ಲೋ, ಹೆಸರೂ ಉಳಿಯದ ಒಬ್ಬ ಮನುಷ್ಯ ಹೀಗೇ ಇಳಿದು ಬಂದಿದ್ದನಲ್ಲ ಎಂದು ನನಗೆ ಅಳು ಬಂತು. ಗೂಟ ಬಿಟ್ಟು ಏಳುವ ಹಾಗಿಲ್ಲ, ಕಣ್ಣೊರೆಸಿಕೊಂಡು ಅಲ್ಲೇ ಕೂತು ಅತ್ತೆ.

ನಾಟಕ ಮುಗಿದ ಮೇಲೆ ಪಿಯುಸಿ ಮಕ್ಕಳು ಮೇಡಂ ಅವರನ್ನು ಮುತ್ತಿಕೊಂಡರು. ಅಂಥವರು ಇನ್ನೂ ಎಲ್ಲೆಲ್ಲಿ ಇದ್ದರು, ಅವರ ಮಕ್ಕಳೇನಾದರು, ಒಂದೇ ಸಮನೆ ಪ್ರಶ್ನೆ. ಪ್ರಿನ್ಸಿಪಾಲರು ನನ್ನ ಹತ್ತಿರ ಬಂದು, "ಆ ಗಾಳಿ ಹೇಗೆ ಮಾಡಿಸಿದಿರಿ?" ಅಂದರು. ನಾನು ನಮ್ಮ ಕಸುಬಿನ ಗುಟ್ಟು ಅಂದೆ.

ಅವತ್ತೇ ಕಂಬ ಬಿಚ್ಚೋಣ ಅಂದರೆ ಮೇಸ್ತ್ರಿ ಕೈಕಟ್ಟಿ ನಿಂತ. "ಆ ಪಾಪ ಕೂಗಿ ಎತ್ಸಿದ್ದು. ಆಯಮ್ಮ ರೈಲಿಗೆ ಓಯ್ತು. ನಾನು ಇಳ್ಸಲ್ಲ ಓನರ್." ಇತ್ತ ಮದುವೆ ಮನೆಯಿಂದ ಫೋನ್ ಮೇಲೆ ಫೋನ್. ಅವರಿಗೆ ಪಕ್ಕದ ಊರಿನ ನನ್ನ ಕಸುಬಿನವನಿಂದಲೇ ಕಂಬ ಕೊಡಿಸಿ, ನಾವು ಕಾದೆವು.

ಮಾರನೇ ದಿನ ಅವಳು ಹಾಲು ಕರೆದು, ರೈಲು ಇಳಿದು ಬಂದಳು. ಜೊತೆಗೆ ಮೇಡಂ, ಕೈಯಲ್ಲಿ ಇಡ್ಲಿ ಪೊಟ್ಟಣ, ಮುಖದ ತುಂಬಾ ನಗು. ಹಿಸ್ಟರಿಗೇ ಸೇರುತ್ತೇವೆಂದು ನಿನ್ನೆಯೇ ಮಕ್ಕಳು ಹೆಸರು ಕೊಟ್ಟು ಹೋಗಿದ್ದರು, ವಿಭಾಗ ಮುಚ್ಚುವ ಮಾತು ನಿಂತಿತ್ತು. ಹುಡುಗಿ ಚಪ್ಪಲಿ ಬಿಟ್ಟು, ಮೇಸ್ತ್ರಿಯ ಜಾಗದಲ್ಲಿ ಹೋಗಿ ನಿಂತು ಕಂಬದ ತುದಿ ನೋಡಿದಳು. ಆಳುಗಳೆಲ್ಲ ಹಗ್ಗ ಹಿಡಿದರು. ನಾಟಕ ಮುಗಿದಿತ್ತು, ಲಂಗರೂ ಬಿದ್ದಾಗಿತ್ತು. ಆದರೂ ಎಲ್ಲರ ಕಿವಿ ಅವಳ ಕಡೆಗೇ ಇತ್ತು.

ನಾನೂ ಹೋಗಿ ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದೆ. ಈ ಕಸುಬಿಗೆ ಬಂದು ಓನರ್ ಆದ ಮೇಲೆ ಹಗ್ಗ ಮುಟ್ಟಿರಲಿಲ್ಲ. ಅಂಗೈ ಉರಿಯಿತು. ಅಭ್ಯಾಸಬಲ ನೋಡಿ, ಬಾಯಿ ತಾನಾಗಿ ತೆರೆಯಿತು: "ನಿಧಾನ, ಎಡಕ್ಕೆ..."

"ಮಾಮಾ!" ಅವಳು ತುದಿಯಿಂದ ಕಣ್ಣು ಕದಲಿಸದೆ ಕೂಗಿದಳು. "ಬಾಯಿ ಮುಚ್ಕೊಂಡು ಅಗ್ಗ ಇಡೀರಿ!"

"ಐಸಾ!" ಅಂದೆ, ಎಲ್ಲರಿಗಿಂತ ಜೋರಾಗಿ.